ಪಿಗ್ಮಿಯ ನೆಲದಲ್ಲಿ ಎಂ.ಬಿ.ಎ.

ಉಡುಪಿಯಿಂದ ಆಗುಂಬೆ ಘಾಟಿಯ ಕಡೆಗೆ ಹೋಗುವ ರಸ್ತೆ ಮಣಿಪಾಲದ ಗುಡ್ಡ ಹತ್ತಿ, ಪರ್ಕಳ, ಹಿರಿಯಡ್ಕಗಳನ್ನು ದಾಟಿ ಪೆರ್ಡೂರನ್ನು ಮುಟ್ಟುತ್ತದೆ. ಸುಮಾರು ಇಪ್ಪತ್ತು ಕಿಲೋಮೀಟರುಗಳ ಈ ಆಸುಪಾಸಿನಲ್ಲಿ ವ್ಯವಹಾರ ಕಲಿಸುವ ಎರಡು ಬಗೆಯ ಶಾಲೆಗಳಿವೆ. ಒಂದು, ಮಣಿಪಾಲದ ಹೊರವಲಯದ ಬಡಗಬೆಟ್ಟಿನಲ್ಲಿರುವ ಟಿ.ಎ. ಪೈ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್. ‘ಟ್ಯಾಪ್ಮಿ’ ಎಂದೇ ಹೆಸರಾದ ಈ ಸಂಸ್ಥೆಗೆ ಅಮೆರಿಕ ಮತ್ತು ಲಂಡನ್ನಿನ ಮಾನ್ಯತಾ ಮಂಡಳಿಗಳ ಮುದ್ರೆ ದೊರೆತಿದೆ. ಇನ್ನೊಂದು ಶಾಲೆಗೆ ನಾಮಫಲಕವಿಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ. ಅದು ಪೆರ್ಡೂರಿನ ಅನಂತಪದ್ಮನಾಭ ಸ್ವಾಮಿಯ ಹೆಸರಿನಲ್ಲಿ ಹೊರಡುವ ಯಕ್ಷಗಾನ ಮೇಳ.

ಪೆರ್ಡೂರು ಮೇಳ ಬಡಗುತಿಟ್ಟಿನ ಪ್ರಸಿದ್ಧ ಡೇರೆ ಮೇಳಗಳಲ್ಲೊಂದು. ಡೇರೆ ಮೇಳವೆಂದರೆ ಹರಕೆಯ ಬಯಲಾಟದಂತಲ್ಲ. ಟಿಕೆಟು ಮಾರಿ ಬಂದ ಹಣದಲ್ಲೇ ಎಲ್ಲವೂ ನಡೆಯಬೇಕು. ಮಳೆಗಾಲ ಮುಗಿದ ಮೇಲೆ ತಿರುಗಾಟಕ್ಕೆ ಹೊರಟರೆ ಮುಂದಿನ ಮಳೆ ಬರುವ ಹೊತ್ತಿಗೆ ವರ್ಷದ ಲೆಕ್ಕ ತೀರಬೇಕು. ಹಿಮ್ಮೇಳ, ಮುಮ್ಮೇಳದವರ ಸಂಬಳ, ಲಾರಿಯ ಬಾಡಿಗೆ, ಡೇರೆ, ದೀಪ, ಅಡುಗೆಯವರು, ಊರೂರಿನ ಕಂಟ್ರಾಕ್ಟುದಾರರ ಜೊತೆಗಿನ ಮಾತುಕತೆ, ಈ ವರ್ಷದ ಹೊಸ ಪ್ರಸಂಗ ಜನರಿಗೆ ಹಿಡಿಸೀತೇ ಎಂಬ ಅಂದಾಜು - ಇವೆಲ್ಲ ಯಜಮಾನರ ತಲೆಯ ಮೇಲಿನ ಹೊರೆ. ಆಡಳಿತ ಶಾಸ್ತ್ರದ ಪುಸ್ತಕಗಳು ಹಣಕಾಸು, ಸಿಬ್ಬಂದಿ, ಮಾರುಕಟ್ಟೆ, ಸಾಗಣೆ ಎಂದು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುವುದು ಅಲ್ಲಿ ಒಂದೇ ರಾತ್ರಿಯಲ್ಲಿ ಒಬ್ಬನೇ ಮನುಷ್ಯನ ಮುಂದೆ ಬಂದು ನಿಲ್ಲುತ್ತದೆ.

ಇಂಥ ನೆಲಕ್ಕೆ ಅಂತಾರಾಷ್ಟ್ರೀಯ ಮಟ್ಟದ ಬಿಸಿನೆಸ್ ಸ್ಕೂಲು ಏಕೆ ಬೇಕಾಯಿತು? ಅಲ್ಲಿ ಕಲಿತವರು ಜಗತ್ತಿನ ದೊಡ್ಡ ಕುರ್ಚಿಗಳಲ್ಲಿ ಕುಳಿತದ್ದು ಹೇಗೆ? ಕಲಿತದ್ದರಲ್ಲಿ ಈ ನೆಲಕ್ಕೆ ಮರಳಿ ಬಂದದ್ದೆಷ್ಟು? ಕರಾವಳಿಯ ನೂರಿಪ್ಪತ್ತು ವರ್ಷಗಳ ಚರಿತ್ರೆಯನ್ನು ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ನೋಡಬಹುದು.

ಹಾರ್ವರ್ಡಿಗಿಂತ ಎರಡು ವರ್ಷ ಮೊದಲು

ವ್ಯಾಪಾರವನ್ನು ವಿಶ್ವವಿದ್ಯಾಲಯದಲ್ಲಿ ಕಲಿಸಬಹುದೆಂಬ ಕಲ್ಪನೆ ಬಹಳ ಹಳೆಯದೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ವಾರ್ಟನ್ ಶಾಲೆ ಶುರುವಾದದ್ದು 1881ರಲ್ಲಿ. ಷಿಕಾಗೊ ವಿಶ್ವವಿದ್ಯಾಲಯದ ಶಾಲೆ 1898ರದು. ಎಂ.ಬಿ.ಎ. ಎಂಬ ಮೂರಕ್ಷರದ ಪದವಿಯನ್ನು ಜಗತ್ತಿಗೆ ಕೊಟ್ಟ ಹಾರ್ವರ್ಡ್ ಬಿಸಿನೆಸ್ ಸ್ಕೂಲು ಬಾಗಿಲು ತೆರೆದದ್ದು 1908ರಲ್ಲಿ.

ಅದಕ್ಕೆ ಎರಡು ವರ್ಷ ಮೊದಲು, 1906ರ ಮಾರ್ಚ್ 12ರಂದು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರ ಮುಂದಾಳ್ತನದಲ್ಲಿ ಒಂದು ಬ್ಯಾಂಕು ಆರಂಭವಾಯಿತು. ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಎಂಬುದು ಅದರ ಹೆಸರು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಇದೇ. ಆರಂಭದ ಬಂಡವಾಳ 5000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಕೂಡಿಬಂದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು. ಅದೇ ಇಂದಿನ ಕೆನರಾ ಬ್ಯಾಂಕು. ಸುಬ್ಬರಾವ್ ಪೈಗಳು ಬ್ಯಾಂಕಿಗಿಂತ ಹದಿನೈದು ವರ್ಷ ಮೊದಲೇ, 1891ರಲ್ಲಿ, ಕೆನರಾ ಹೈಸ್ಕೂಲನ್ನು ತೆರೆದಿದ್ದರೆಂಬುದು ಇಲ್ಲಿ ಗಮನಾರ್ಹ. ಮೊದಲು ಶಾಲೆ, ಆಮೇಲೆ ಬ್ಯಾಂಕು. ಕರಾವಳಿಯಲ್ಲಿ ಇವೆರಡೂ ಒಂದೇ ಮನೆಯ ಎರಡು ಕೋಣೆಗಳಂತೆ ಬೆಳೆದವು.

1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು ಬಂತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ - ಒಬ್ಬರು ವ್ಯಾಪಾರಿ, ಒಬ್ಬರು ಎಂಜಿನಿಯರ್, ಒಬ್ಬರು ವೈದ್ಯರು - ಸೇರಿ 8000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದ ಕಾಲವದು. ಅವರಿಗೆ ನೆರವಾಗುವುದೇ ಸಂಸ್ಥೆಯ ಮೊದಲ ಉದ್ದೇಶವಾಗಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದು. ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿದ್ದ 1931ರ ಅಕ್ಟೋಬರ್ 23ರಂದು ಅತ್ತಾವರ ಬಾಲಕೃಷ್ಣ ಶೆಟ್ಟರು ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಆರಂಭಿಸಿದರು. ಬೇಸಾಯಗಾರ ಕುಟುಂಬಗಳಲ್ಲಿ ಉಳಿತಾಯದ ಅಭ್ಯಾಸ ಬೆಳೆಸುವುದು ಅವರ ಗುರಿ. ಸರಕಾರ 1969ರಲ್ಲಿ 14, 1980ರಲ್ಲಿ 6 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ ಆ ಇಪ್ಪತ್ತರಲ್ಲಿ ನಾಲ್ಕು ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದವು. ಇವುಗಳನ್ನು ಕಟ್ಟಿದವರಲ್ಲಿ ಯಾರ ಹತ್ತಿರವೂ ಎಂ.ಬಿ.ಎ. ಇರಲಿಲ್ಲ.

ಎರಡಾಣೆಯ ಪಾಠ

ಪದವಿ ಇಲ್ಲದಿದ್ದರೂ ಪಾಠ ಇತ್ತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಪಿಗ್ಮಿ ಠೇವಣಿ ಅದಕ್ಕೆ ಉತ್ತಮ ನಿದರ್ಶನ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಬಳಿಗೆ ಬ್ಯಾಂಕೇ ಹೋಗಬೇಕೆಂಬುದು ಅದರ ತಿರುಳು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಏಜೆಂಟರು ಮನೆಬಾಗಿಲಲ್ಲೇ, ಅಂಗಡಿಯ ಗಲ್ಲೆಯ ಮುಂದೆಯೇ ಸಂಗ್ರಹಿಸಿ ತರುತ್ತಿದ್ದರು.

ಮೇಲ್ನೋಟಕ್ಕೆ ಇದು ಉಳಿತಾಯದ ಯೋಜನೆ. ಒಳಹೊಕ್ಕು ನೋಡಿದರೆ ಇದರಲ್ಲಿ ಇನ್ನೂ ಒಂದು ಜಾಣ್ಮೆಯಿದೆ. ದಿನಾಲೂ ಒಂದೇ ಬೀದಿಯಲ್ಲಿ ತಿರುಗುವ ಏಜೆಂಟನಿಗೆ ಯಾರ ಅಂಗಡಿಯಲ್ಲಿ ವ್ಯಾಪಾರ ಏರುತ್ತಿದೆ, ಯಾರದು ಇಳಿಯುತ್ತಿದೆ, ಯಾರು ಕಷ್ಟದ ದಿನವೂ ಎರಡಾಣೆ ತಪ್ಪಿಸುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಸಾಲ ಕೊಡುವ ಮುನ್ನ ಬ್ಯಾಂಕಿಗೆ ಬೇಕಾದ ಮಾಹಿತಿ ಇದೇ ತಾನೆ? ಕಾಗದಪತ್ರವಿಲ್ಲದ ಮೀನು ಮಾರುವಾಕೆಗೂ ಬೀಡದ ಅಂಗಡಿಯವನಿಗೂ ಪಿಗ್ಮಿ ಪುಸ್ತಕವೇ ಒಂದು ಬಗೆಯ ಯೋಗ್ಯತಾಪತ್ರವಾಗುತ್ತಿತ್ತು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು 1983ರಲ್ಲಿ ರೂಪುಗೊಂಡು ಕಿರುಸಾಲವೆಂಬ ಮಾತು ಜಗತ್ತಿನ ಬಿಸಿನೆಸ್ ಸ್ಕೂಲುಗಳ ಪಠ್ಯ ಸೇರುವುದಕ್ಕೆ ಅರ್ಧ ಶತಮಾನ ಮೊದಲೇ ಉಡುಪಿಯ ರಥಬೀದಿಯ ಸುತ್ತ ಬಡವರ ಚಿಲ್ಲರೆ ಹಣ ಬ್ಯಾಂಕಿನ ಬಲವಾಗಿತ್ತು.

ಹೋಟೆಲುಗಳ ಕಥೆಯೂ ಇಂಥದೇ. ಕೋಟದ ಸಮೀಪದ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಸಹೋದರರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಪ್ರವಾಸ ಮಾಡಿ ಅಲ್ಲಿನ ಉಪಾಹಾರಗೃಹಗಳು ಹೇಗೆ ನಡೆಯುತ್ತವೆಂದು ಕಣ್ಣಾರೆ ಕಂಡು ಬಂದರು. ಅಲ್ಲಿಯ ಸ್ವಚ್ಛತೆಯ ಕ್ರಮವನ್ನು ಇಲ್ಲಿಯ ಅಡುಗೆಮನೆಗೆ ತಂದರು. ಪದವಿಪತ್ರವಿಲ್ಲದೆ ಅಂತಾರಾಷ್ಟ್ರೀಯ ಶಿಕ್ಷಣ ಪಡೆಯುವುದೆಂದರೆ ಇದೇ.

ಹಾಗಿದ್ದರೂ ಇಂಥ ಕಲಿಕೆಗೆ ಒಂದು ಮಿತಿಯಿತ್ತು. ಅದು ಮನೆತನದೊಳಗೆ, ಪರಿಚಯದೊಳಗೆ ಹರಿಯುವ ವಿದ್ಯೆ. ಸೋದರಮಾವನ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ ಗಲ್ಲೆಯವರೆಗೆ ಬಂದವನಿಗೆ ಅದು ದಕ್ಕುತ್ತಿತ್ತು. ಮಾವನ ಹೋಟೆಲು ಇಲ್ಲದವನಿಗೆ ದಕ್ಕುತ್ತಿರಲಿಲ್ಲ. ಬ್ಯಾಂಕು ಹತ್ತಾರು ಶಾಖೆಗಳದ್ದಾಗಿದ್ದಾಗ ಹಿರಿಯರ ಕಣ್ಣೋಟ ಸಾಕು. ಶಾಖೆಗಳು ನೂರಾರು ಆಗಿ ದೇಶವೆಲ್ಲ ಹಬ್ಬಿದಾಗ, ಮುಖಪರಿಚಯವಿಲ್ಲದವರ ಕೈಗೆ ಕೆಲಸ ಒಪ್ಪಿಸಬೇಕಾದಾಗ, ಅನುಭವವನ್ನು ಪಾಠವಾಗಿ ಬರೆದಿಡಬೇಕಾಗುತ್ತದೆ. ಅದನ್ನು ಚೆನ್ನಾಗಿ ಕಂಡುಕೊಂಡವರು ತೋನ್ಸೆ ಅನಂತ ಪೈ.

ಬ್ಯಾಂಕಿನಿಂದ ಪಾಠಶಾಲೆಗೆ

1922ರಲ್ಲಿ ಹುಟ್ಟಿದ ಟಿ.ಎ. ಪೈ, ಉಪೇಂದ್ರ ಪೈಗಳ ಮಗ, ಡಾ. ಟಿ.ಎಂ.ಎ. ಪೈಗಳ ತಮ್ಮನ ಮಗನೋ ಅಣ್ಣನ ಮಗನೋ ಎಂದು ಹೊರಗಿನವರು ಗೊಂದಲಪಡುವುದುಂಟು, ಅಣ್ಣನ ಮಗ. ಮುಂಬಯಿಯಲ್ಲಿ ವಾಣಿಜ್ಯ ಪದವಿ ಪಡೆದು ಬಂದು ಮನೆಯವರ ಬ್ಯಾಂಕಿಗೆ ಸೇರಿದರು. ಅವರ ಕಾಲದಲ್ಲಿ ಸಿಂಡಿಕೇಟ್ ಬ್ಯಾಂಕು ಹಳ್ಳಿಗಳಿಗೆ, ಕೃಷಿ ಸಾಲಕ್ಕೆ ಕೈಚಾಚಿತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. ಬಳಿಕ ಜೀವವಿಮಾ ನಿಗಮದ ಅಧ್ಯಕ್ಷರು. 1972ರಲ್ಲಿ ಕೇಂದ್ರದ ರೈಲ್ವೆ ಮಂತ್ರಿ. ಆಮೇಲೆ ಕೈಗಾರಿಕಾ ಖಾತೆ. ಬ್ಯಾಂಕು, ಧಾನ್ಯ, ವಿಮೆ, ರೈಲು - ಇಷ್ಟೊಂದು ಬಗೆಯ ಬೃಹತ್ ಸಂಸ್ಥೆಗಳನ್ನು ಒಳಗಿನಿಂದ ಕಂಡವರು ಆ ಪೀಳಿಗೆಯಲ್ಲಿ ವಿರಳ.

ಕಂಡದ್ದರಿಂದ ಅವರಿಗೆ ಹೊಳೆದದ್ದು ಸರಳ ಸಂಗತಿ. ಸ್ವತಂತ್ರ ಭಾರತ ದೊಡ್ಡ ದೊಡ್ಡ ಸಂಸ್ಥೆಗಳನ್ನು ಕಟ್ಟಿತ್ತು, ಅವನ್ನು ನಡೆಸುವವರನ್ನು ಸಿದ್ಧಪಡಿಸಿರಲಿಲ್ಲ. 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ ಎರಡು ಆಡಳಿತ ಶಿಕ್ಷಣ ಸಂಸ್ಥೆಗಳು ಆರಂಭವಾಗಿದ್ದರೂ ಅವು ಸಾಲದಾಗಿದ್ದವು. ಸಾರ್ವಜನಿಕ ರಂಗದ ಉದ್ದಿಮೆಗಳ ಅಗತ್ಯವನ್ನು ಗಮನದಲ್ಲಿರಿಸಿ ಬೆಂಗಳೂರಿನಲ್ಲಿ ಇಂಥದೊಂದು ಸಂಸ್ಥೆ ಆಗಬೇಕೆಂಬ ಚಿಂತನೆಯಲ್ಲಿ ಟಿ.ಎ. ಪೈಗಳ ಪಾತ್ರ ದೊಡ್ಡದು. 1973ರ ಅಕ್ಟೋಬರ್ 28ರಂದು ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಅದೇ ಬೆಂಗಳೂರಿನ ಐ.ಐ.ಎಂ.

1977ರಲ್ಲಿ ಪೈಗಳು ಉಡುಪಿಯಿಂದ ಲೋಕಸಭೆಗೆ ಆಯ್ಕೆಯಾದರು. 1980ರಲ್ಲಿ ಮಣಿಪಾಲದಲ್ಲಿಯೇ ಆಡಳಿತ ಶಿಕ್ಷಣ ಸಂಸ್ಥೆಯೊಂದಕ್ಕೆ ಅಡಿಪಾಯ ಹಾಕಿದರು. ಮರುವರ್ಷವೇ, 1981ರಲ್ಲಿ, ತೀರಿಕೊಂಡರು. ಸಂಸ್ಥೆ ಬೆಳೆದದ್ದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಇಂದು ಅದು ಅವರ ಹೆಸರನ್ನೇ ಹೊತ್ತಿದೆ. ಮಹಾನಗರದ ಕಂಪನಿ ಕಚೇರಿಗಳಿಂದ ಇಷ್ಟು ದೂರದಲ್ಲಿ ಬಿಸಿನೆಸ್ ಸ್ಕೂಲು ನಡೆದೀತೇ ಎಂಬ ಅನುಮಾನ ಸಹಜವಾದದ್ದು. ಆದರೆ 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಕಂಡಿದ್ದ ಬೋಳುಗುಡ್ಡಕ್ಕೆ ಇಂಥ ಅನುಮಾನಗಳ ಅಭ್ಯಾಸವಿತ್ತು.

ತಾಳಮದ್ದಳೆಯಂಥ ತರಗತಿ

ಈ ಶಾಲೆಗಳಲ್ಲಿ ಕಲಿಸುವುದಾದರೂ ಏನು? ಹಾರ್ವರ್ಡ್ 1920ರ ದಶಕದಲ್ಲಿ ಬೆಳೆಸಿ, ಅಹಮದಾಬಾದಿಗೆ ದಾಟಿಸಿದ ‘ಕೇಸ್’ ಪದ್ಧತಿಯನ್ನು ಅರಿತರೆ ಅರ್ಧ ತಿಳಿದಂತೆ. ಒಂದು ಕಂಪನಿಯ ನಿಜವಾದ ಬಿಕ್ಕಟ್ಟನ್ನು ಹತ್ತಿಪ್ಪತ್ತು ಪುಟಗಳಲ್ಲಿ ಬರೆದು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆ. ಅಂಕಿ ಅಂಶಗಳಿರುತ್ತವೆ, ಉತ್ತರ ಇರುವುದಿಲ್ಲ. ತರಗತಿಯಲ್ಲಿ ಒಬ್ಬ ಒಂದು ನಿರ್ಧಾರವನ್ನು ಸಮರ್ಥಿಸಬೇಕು. ಇನ್ನೊಬ್ಬ ಅದನ್ನು ಖಂಡಿಸುತ್ತಾನೆ. ಮೇಷ್ಟ್ರು ಪಾಠ ಒಪ್ಪಿಸುವುದಿಲ್ಲ, ಚರ್ಚೆಯನ್ನು ನಡೆಸುತ್ತಾರೆ.

ಕರಾವಳಿಯವರಿಗೆ ಇದು ತೀರ ಅಪರಿಚಿತವೇನಲ್ಲ. ತಾಳಮದ್ದಳೆಯಲ್ಲೂ ಹೀಗೆಯೇ. ಪ್ರಸಂಗದ ಪದ್ಯ ಎಲ್ಲರಿಗೂ ಗೊತ್ತು. ಅರ್ಥ ಮಾತ್ರ ಆ ಕ್ಷಣದಲ್ಲಿ ಹುಟ್ಟಬೇಕು. ಎದುರು ಕುಳಿತ ಕರ್ಣನ ಪ್ರಶ್ನೆಗೆ ಕೃಷ್ಣ ಅಲ್ಲೇ ಉತ್ತರ ಕೊಡಬೇಕು. ಭಾಗವತರು ಮಾತು ದಾರಿತಪ್ಪದಂತೆ ನೋಡಿಕೊಳ್ಳುತ್ತಾರೆ. ಅಪೂರ್ಣ ಮಾಹಿತಿಯಲ್ಲಿ, ಸೀಮಿತ ಸಮಯದಲ್ಲಿ, ಎದುರಾಳಿಯ ಮುಂದೆ ನಿರ್ಧಾರ ತೆಗೆದುಕೊಂಡು ಅದನ್ನು ಸಮರ್ಥಿಸುವುದು - ಬಿಸಿನೆಸ್ ಸ್ಕೂಲು ಎರಡು ವರ್ಷ ರೂಢಿ ಮಾಡಿಸುವುದು ಮುಖ್ಯವಾಗಿ ಇದನ್ನು.

ಟ್ಯಾಪ್ಮಿಯ ‘ಬ್ರ್ಯಾಂಡ್ ಸ್ಕ್ಯಾನ್’ ಇನ್ನೂ ಸ್ವಾರಸ್ಯಕರ. ಅದು ಮಾರುಕಟ್ಟೆ ಸಮೀಕ್ಷೆ, ಆದರೆ ಜಾತ್ರೆಯ ವೇಷದಲ್ಲಿ. ವಿದ್ಯಾರ್ಥಿಗಳು ಆಟದ ಮಳಿಗೆಗಳನ್ನು ಹಾಕುತ್ತಾರೆ. ಊರಿನವರು ಮಕ್ಕಳನ್ನು ಕರೆದುಕೊಂಡು ಬಂದು ಆಡುತ್ತಾರೆ. ಆಡುವಾಗ ಅವರು ಯಾವುದನ್ನು ಆರಿಸಿಕೊಂಡರು, ಯಾವುದನ್ನು ಬಿಟ್ಟರು ಎಂಬುದೇ ಕಂಪನಿಗಳಿಗೆ ಬೇಕಾದ ಉತ್ತರ. ಪ್ರಶ್ನಾವಳಿ ಹಿಡಿದು ಹೋದರೆ ಜನ ಸಂಕೋಚದಿಂದ ಒಂದು ಹೇಳುತ್ತಾರೆ; ಆಟದಲ್ಲಿ ಮನಸ್ಸಿನದು ಹೊರಬರುತ್ತದೆ. ಸಂತೆ, ಜಾತ್ರೆಗಳ ಊರಿನಲ್ಲಿ ಇದು ಬೇರುಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ‘ಅಂತಾರಾಷ್ಟ್ರೀಯ’ ಎಂಬ ವಿಶೇಷಣದ ಮಾತು. ಇದು ಹೆಸರಿನ ಹಿಂದೆ ಅಂಟಿಸಿಕೊಳ್ಳುವ ಅಲಂಕಾರವಾಗಿಬಿಟ್ಟಿದೆಯಾದರೂ ಅದಕ್ಕೊಂದು ಖಚಿತ ಅರ್ಥವಿದೆ. ಅಮೆರಿಕದಲ್ಲಿ 1916ರಲ್ಲಿ ಸ್ಥಾಪನೆಯಾದ ಎ.ಎ.ಸಿ.ಎಸ್.ಬಿ., ಲಂಡನ್ನಿನಲ್ಲಿ 1967ರಲ್ಲಿ ಸ್ಥಾಪನೆಯಾದ ‘ಆಂಬಾ’ ಮುಂತಾದ ಮಂಡಳಿಗಳು ಶಾಲೆಯ ಅಧ್ಯಾಪಕರು, ಸಂಶೋಧನೆ, ಪಠ್ಯ, ವಿದ್ಯಾರ್ಥಿ ಕಲಿತದ್ದರ ಪುರಾವೆ - ಎಲ್ಲವನ್ನೂ ಪರಿಶೀಲಿಸಿ ಮಾನ್ಯತೆ ಕೊಡುತ್ತವೆ. ಕೊಟ್ಟ ಮಾನ್ಯತೆ ಶಾಶ್ವತವಲ್ಲ. ಕೆಲವು ವರ್ಷಗಳಿಗೊಮ್ಮೆ ಮರುಪರಿಶೀಲನೆ ನಡೆಯುತ್ತದೆ. ಮಗನನ್ನೋ ಮಗಳನ್ನೋ ಲಕ್ಷಗಟ್ಟಲೆ ಶುಲ್ಕ ಕೊಟ್ಟು ಸೇರಿಸುವ ತಂದೆತಾಯಿ ಕಟ್ಟಡದ ಗಾಜಿಗಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನು.

ಮೂವರು, ಮೂರು ದಾರಿ

ಇಲ್ಲಿಂದ ಹೊರಟು ಹೆಸರಾದವರಲ್ಲಿ ಮೂವರ ದಾರಿಗಳನ್ನು ಒಟ್ಟಿಗೆ ನೋಡುವುದು ಉಪಯುಕ್ತ.

1947ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆ.ವಿ. ಕಾಮತ್ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿ, ಸುರತ್ಕಲ್ಲಿನ ಕೆ.ಆರ್.ಇ.ಸಿ.ಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದರು. ಬಳಿಕ ಅಹಮದಾಬಾದಿನ ಐ.ಐ.ಎಂ. ಸೇರಿ 1971ರಲ್ಲಿ ಹೊರಬಂದರು. ವಿಕ್ರಮ್ ಸಾರಾಭಾಯಿ ಮತ್ತು ಕಸ್ತೂರಭಾಯಿ ಲಾಲಭಾಯಿ ಮುಂತಾದವರ ಶ್ರಮದಿಂದ, ಹಾರ್ವರ್ಡಿನ ಸಹಯೋಗದಲ್ಲಿ ರೂಪುಗೊಂಡ ಸಂಸ್ಥೆಯದು. ಕಾಮತರು ಅದರ ಆರಂಭದ ತಂಡಗಳವರು. ಅದೇ ವರ್ಷ ಐ.ಸಿ.ಐ.ಸಿ.ಐ. ಸೇರಿದರು. 1988ರಲ್ಲಿ ಮನಿಲಾದ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿಗೆ ಹೋಗಿ, 1996ರಲ್ಲಿ ಮುಖ್ಯಸ್ಥರಾಗಿ ಹಿಂದಿರುಗಿದರು. ಆಗ ಐ.ಸಿ.ಐ.ಸಿ.ಐ. ಕಾರ್ಖಾನೆಗಳಿಗೆ ದೀರ್ಘಾವಧಿ ಸಾಲ ಕೊಡುವ ಸಂಸ್ಥೆ. ಸಾಮಾನ್ಯ ಗಿರಾಕಿಗೂ ಅದಕ್ಕೂ ನೇರ ಸಂಬಂಧವಿರಲಿಲ್ಲ. ಸರಕಾರದ ಅಗ್ಗದ ಹಣ ನಿಂತುಹೋಗುವ ಕಾಲದಲ್ಲಿ ಇಂಥ ಸಂಸ್ಥೆ ಬಾಳಲಾರದೆಂದು ಕಾಮತರು ಕಂಡುಕೊಂಡರು. ಬ್ಯಾಂಕಾಗಿ ಬದಲಾಗುವುದು, ಕಂಪ್ಯೂಟರನ್ನು ನೆಚ್ಚುವುದು, ಮನೆ, ವಾಹನಗಳ ಸಾಲಕ್ಕೆ ಇಳಿಯುವುದು - ಇವು ಅವರು ಹಿಡಿದ ದಾರಿ. 2002ರಲ್ಲಿ ಮಾತೃಸಂಸ್ಥೆಯೇ ತನ್ನ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ರೆಜಿಲ್, ರಷ್ಯ, ಭಾರತ, ಚೀನ, ದಕ್ಷಿಣ ಆಫ್ರಿಕಗಳು ಸೇರಿ ಶಾಂಘೈಯಲ್ಲಿ ನ್ಯೂ ಡೆವಲಪ್‌ಮೆಂಟ್ ಬ್ಯಾಂಕ್ ಸ್ಥಾಪಿಸಿದಾಗ ಅದರ ಮೊದಲ ಅಧ್ಯಕ್ಷರಾದವರು ಕಾಮತ್. 2015ರಿಂದ 2020ರವರೆಗೆ ಆ ಹುದ್ದೆಯಲ್ಲಿದ್ದರು.

ಎರಡನೆಯವರು ಸತ್ಯ ನಾಡೆಲ್ಲ. ಹೈದರಾಬಾದಿನವರಾದ ಅವರು ಮಣಿಪಾಲದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1988ರಲ್ಲಿ ಪದವಿ ಪಡೆದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಿಲ್ವಾಕಿ ಶಾಖೆಯಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿ ಗಳಿಸಿ, 1992ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ನೌಕರಿ ಬಿಡದೆ, ವಾರಾಂತ್ಯಗಳಲ್ಲಿ ದೇಶದ ಪಶ್ಚಿಮ ತುದಿಯಿಂದ ವಿಮಾನ ಹತ್ತಿ ಷಿಕಾಗೊಗೆ ಹೋಗಿ ಬಂದು, 1997ರಲ್ಲಿ ಅಲ್ಲಿಯ ಎಂ.ಬಿ.ಎ. ಪೂರೈಸಿದರು. 2014ರ ಫೆಬ್ರವರಿ 4ರಂದು ಮೈಕ್ರೋಸಾಫ್ಟಿನ ಮುಖ್ಯಸ್ಥರಾದರು. ಆ ಕಂಪನಿಯ ಮೂರನೆಯ ಮುಖ್ಯಸ್ಥರು ಅವರು.

ಮೂರನೆಯವರು ರಾಜೀವ್ ಸೂರಿ. ಇವರೂ ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನವರೇ. 1989ರಲ್ಲಿ ಪದವಿ ಪಡೆದರು. ನಾಡೆಲ್ಲ ಮೈಕ್ರೋಸಾಫ್ಟಿನ ಮುಖ್ಯಸ್ಥರಾದ ಕೆಲವೇ ತಿಂಗಳಲ್ಲಿ, 2014ರ ಮೇ 1ರಂದು, ಸೂರಿ ಫಿನ್‌ಲೆಂಡಿನ ನೋಕಿಯ ಕಂಪನಿಯ ಮುಖ್ಯಸ್ಥರಾದರು; 2020ರವರೆಗೆ ಆ ಹುದ್ದೆಯಲ್ಲಿದ್ದರು. ಅವರಿಗೆ ಎಂ.ಬಿ.ಎ. ಇಲ್ಲ, ಯಾವ ಸ್ನಾತಕೋತ್ತರ ಪದವಿಯೂ ಇಲ್ಲ.

ಒಂದೇ ಗುಡ್ಡದ ಮೇಲಿನ ಒಂದೇ ಕಾಲೇಜಿನ ಇಬ್ಬರು. ಒಬ್ಬರು ಷಿಕಾಗೊ ಹಾದಿ ಹಿಡಿದವರು, ಒಬ್ಬರು ಹಿಡಿಯದವರು. ಇಬ್ಬರೂ ಒಂದೇ ವರ್ಷ ಜಗತ್ಪ್ರಸಿದ್ಧ ಕಂಪನಿಗಳ ಚುಕ್ಕಾಣಿ ಹಿಡಿದರು. ಇದರಿಂದ ಎಂ.ಬಿ.ಎ. ನಿರರ್ಥಕವೆಂದು ಹೇಳಿದರೆ ಆತುರವಾದೀತು. ನಾಡೆಲ್ಲರಿಗೆ ಷಿಕಾಗೊ ಕೊಟ್ಟದ್ದು ಎಂಜಿನಿಯರಿಗೆ ಸಹಜವಾಗಿ ಒಗ್ಗದ ಹಣಕಾಸಿನ ಭಾಷೆ. ಸೂರಿ ಅದೇ ಭಾಷೆಯನ್ನು ದೇಶದೇಶಗಳಲ್ಲಿ ದುಡಿಯುತ್ತ ಕಲಿತರು. ಶಾಲೆ ಕಾಲವನ್ನು ಉಳಿಸುತ್ತದೆ, ಹೊಸ ಬಾಗಿಲುಗಳನ್ನು ತೋರಿಸುತ್ತದೆ, ಸಹಪಾಠಿಗಳ ಬಳಗವನ್ನು ಕೊಡುತ್ತದೆ. ಸಾಮರ್ಥ್ಯವನ್ನು ಅದು ಹರಿತ ಮಾಡಬಹುದು, ಸೃಷ್ಟಿಸಲಾರದು.

ಪದವಿ ಕೊಡಲಾಗದ್ದು

ಅದು ಕೊಡಲಾಗದ ಇನ್ನೊಂದಿದೆ. ಅಮೆರಿಕದ ಎನ್ರಾನ್ ಕಂಪನಿ 2001ರ ಡಿಸೆಂಬರಿನಲ್ಲಿ ದಿವಾಳಿಯಾದಾಗ ಸಾವಿರಾರು ನೌಕರರು ಕೆಲಸವನ್ನೂ ಉಳಿತಾಯವನ್ನೂ ಕಳೆದುಕೊಂಡರು. ವಂಚನೆಯ ಆರೋಪದಲ್ಲಿ 2006ರಲ್ಲಿ ಅಪರಾಧಿಯೆಂದು ಸಾಬೀತಾದ ಅದರ ಮಾಜಿ ಮುಖ್ಯಸ್ಥ ಜೆಫ್ರಿ ಸ್ಕಿಲ್ಲಿಂಗ್ ಹಾರ್ವರ್ಡಿನ 1979ರ ಎಂ.ಬಿ.ಎ. ಭಾರತೀಯರು ಹೆಮ್ಮೆಪಟ್ಟಿದ್ದ ರಜತ್ ಗುಪ್ತ, ಅದೇ ಶಾಲೆಯ ಪದವೀಧರ, ಷೇರು ವ್ಯವಹಾರದ ಒಳಗುಟ್ಟು ಬಿಟ್ಟುಕೊಟ್ಟ ಪ್ರಕರಣದಲ್ಲಿ 2012ರಲ್ಲಿ ಶಿಕ್ಷೆಗೊಳಗಾದರು. 2008ರ ಆರ್ಥಿಕ ಕುಸಿತದ ಬಳಿಕ, 2009ರಲ್ಲಿ, ಹಾರ್ವರ್ಡಿನಿಂದ ಹೊರಬೀಳುತ್ತಿದ್ದ ವಿದ್ಯಾರ್ಥಿಗಳೇ ಒಂದು ಪ್ರತಿಜ್ಞೆಯನ್ನು ರೂಪಿಸಿದರು. ವೈದ್ಯರ ಪ್ರತಿಜ್ಞೆಯಂತೆ, ತಮ್ಮ ಲಾಭಕ್ಕಾಗಿ ಸಮಾಜಕ್ಕೆ ಕೇಡು ಮಾಡುವುದಿಲ್ಲವೆಂಬುದು ಅದರ ಸಾರ. ವಿದ್ಯಾರ್ಥಿಗಳೇ ಇದನ್ನು ಕೈಗೆತ್ತಿಕೊಳ್ಳಬೇಕಾಯಿತೆಂದರೆ ಪಠ್ಯದಲ್ಲಿ ಎಲ್ಲಿಯೋ ಒಂದು ಹಾಳೆ ಕಡಿಮೆಯಾಗಿದೆಯೆಂದೇ ಅರ್ಥ.

ಕರಾವಳಿಯ ಹಳೆಯ ವ್ಯವಹಾರಸ್ಥರೆಲ್ಲ ಸಾಧುಗಳಾಗಿದ್ದರೆಂದು ಇದರ ಅರ್ಥವಲ್ಲ. ಆದರೆ ಅವರ ಮೇಲೆ ಒಂದು ಕಣ್ಣಿರುತ್ತಿತ್ತು. ಠೇವಣಿ ಇಟ್ಟವನು ಮರುದಿನ ಬೆಳಿಗ್ಗೆ ದೇವಸ್ಥಾನದಲ್ಲೋ ಮೀನು ಮಾರುಕಟ್ಟೆಯಲ್ಲೋ ಎದುರು ಸಿಗುತ್ತಿದ್ದ. ಬ್ಯಾಂಕು ಮುಳುಗಿದರೆ ಊರಿನಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ಈ ಹತ್ತಿರದ ಕಣ್ಣು ತಪ್ಪಿದಾಗ ಅದರ ಜಾಗವನ್ನು ತುಂಬುವುದು ಕಾನೂನು ಮತ್ತು ಆತ್ಮಸಾಕ್ಷಿ. ಮೊದಲನೆಯದನ್ನು ಪಾಠ ಹೇಳಬಹುದು, ಎರಡನೆಯದು ಕಷ್ಟ.

ಹತ್ತಿರದ ಕಣ್ಣೂ ಎಲ್ಲವನ್ನೂ ಕಾಣುತ್ತಿರಲಿಲ್ಲ ಎನ್ನಬೇಕು. ಬ್ಯಾಂಕುಗಳನ್ನು ಬೆಳೆಸಿದ ಪಿಗ್ಮಿ ಏಜೆಂಟರೇ ಅದಕ್ಕೆ ಸಾಕ್ಷಿ. ಬಿಸಿಲು ಮಳೆಯೆನ್ನದೆ ಬೀದಿ ತಿರುಗಿದ ಅವರಿಗೆ ಸಿಗುತ್ತಿದ್ದದ್ದು ಕಮಿಷನ್ ಮಾತ್ರ. ಅವರು ನೌಕರರಲ್ಲ, ಏಜೆಂಟರು ಎಂಬುದು ಬ್ಯಾಂಕುಗಳ ವಾದ. ವರ್ಷಗಟ್ಟಲೆ ನಡೆದ ವ್ಯಾಜ್ಯದ ಕೊನೆಗೆ 2001ರಲ್ಲಿ ಸುಪ್ರೀಂ ಕೋರ್ಟು ಅವರೂ ಕಾರ್ಮಿಕರೇ ಎಂದು ತೀರ್ಪಿತ್ತಿತು. ಯೋಜನೆ ಆರಂಭವಾಗಿ ಎಪ್ಪತ್ತಮೂರು ವರ್ಷಗಳ ಮೇಲೆ! ಬ್ಯಾಂಕಿಂಗ್ ಚರಿತ್ರೆಯ ಈ ಪುಟವೂ ‘ಕೇಸ್’ ಆಗಿ ತರಗತಿಯಲ್ಲಿ ಚರ್ಚೆಗೊಳ್ಳಲು ಯೋಗ್ಯವಾದದ್ದು.

ಮರಳಿ ಬರುವ ಬಡ್ಡಿ

ಇದೀಗ ಉಳಿದದ್ದು ಕೊನೆಯ ಪ್ರಶ್ನೆ: ಈ ನೆಲಕ್ಕೆ ಮರಳಿದ್ದೇನು? 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಮಣಿಪಾಲ ಮತ್ತು ಮಂಗಳೂರುಗಳಲ್ಲಿದ್ದ ಎರಡು ಪ್ರಧಾನ ಕಚೇರಿಗಳು ಪ್ರಧಾನ ಕಚೇರಿಗಳಾಗಿ ಉಳಿಯಲಿಲ್ಲ. 1931ರೊಳಗೆ ಇಲ್ಲಿ ಹುಟ್ಟಿ ರಾಷ್ಟ್ರದ ಮಟ್ಟಕ್ಕೆ ಬೆಳೆದ ಐದರಲ್ಲಿ ಪ್ರಧಾನ ಕಚೇರಿಯನ್ನು ಈಗಲೂ ಕರಾವಳಿಯಲ್ಲಿಟ್ಟುಕೊಂಡಿರುವುದು ಕರ್ಣಾಟಕ ಬ್ಯಾಂಕು ಒಂದೇ.

ವಿಲೀನದ ಪರವಾಗಿ ಹೇಳುವ ಕಾರಣಗಳು ಬಿಸಿನೆಸ್ ಸ್ಕೂಲಿನ ಪಾಠಕ್ಕೆ ಸರಿಯಾಗಿಯೇ ಇವೆ. ದೊಡ್ಡ ಬ್ಯಾಂಕಿಗೆ ದೊಡ್ಡ ಸಾಲ ಕೊಡುವ ಶಕ್ತಿಯಿರುತ್ತದೆ. ಒಂದೇ ಬೀದಿಯಲ್ಲಿ ಎರಡು ಶಾಖೆಗಳ ಖರ್ಚು ಉಳಿಯುತ್ತದೆ. ತಂತ್ರಜ್ಞಾನದ ವೆಚ್ಚ ಹಂಚಿಹೋಗುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಪ್ರಧಾನ ಕಚೇರಿಯೆಂಬುದು ಊರಿಗೆ ಬರಿಯ ಕಟ್ಟಡವಲ್ಲ. ಅಲ್ಲಿ ನಿರ್ಧಾರಗಳು ಹುಟ್ಟುತ್ತಿದ್ದವು. ಪಕ್ಕದ ಹಳ್ಳಿಯ ಪದವೀಧರನಿಗೆ ಗುಮಾಸ್ತನಾಗಿ ಸೇರಿ ಜನರಲ್ ಮ್ಯಾನೇಜರನಾಗುವ ಕನಸಿತ್ತು. ಶಾಲೆಗೆ, ಆಸ್ಪತ್ರೆಗೆ, ಮೇಳದ ಆಟಕ್ಕೆ ನೆರವು ಕೇಳಲು ಒಂದು ಬಾಗಿಲಿತ್ತು. ಆಯವ್ಯಯ ಪಟ್ಟಿಯಲ್ಲಿ ಇವಕ್ಕೆ ಅಂಕಣವಿಲ್ಲ. ಅಂಕಣವಿಲ್ಲದ್ದನ್ನು ಕಳೆದುಕೊಂಡಾಗ ನಷ್ಟವೂ ದಾಖಲಾಗುವುದಿಲ್ಲ.

ಬ್ಯಾಂಕುಗಳು ಹೋದರೂ ಅವುಗಳಿಂದ ಹುಟ್ಟಿದ ಶಾಲೆಗಳು ಉಳಿದಿವೆ. ಟಿ.ಎ. ಪೈಗಳ ಹೆಸರಿನ ಸಂಸ್ಥೆ ಈಗ ಮಣಿಪಾಲ ವಿಶ್ವವಿದ್ಯಾಲಯದ ಅಂಗ. ಅದರ ತರಗತಿಗಳಲ್ಲಿ ದೇಶದ ಎಲ್ಲ ಮೂಲೆಗಳ ಮಕ್ಕಳು ಕುಳಿತಿರುತ್ತಾರೆ. ಓದು ಮುಗಿದ ಮೇಲೆ ಅವರಲ್ಲಿ ಬಹುಪಾಲು ಬೆಂಗಳೂರು, ಮುಂಬಯಿಗಳ ದಾರಿ ಹಿಡಿಯುವುದು ಸಹಜ. ಅವರನ್ನು ತಡೆದು ನಿಲ್ಲಿಸುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಹೋಟೆಲಿಗರನ್ನೂ ಬ್ಯಾಂಕಿನವರನ್ನೂ ಹೊರಗೆ ಕಳಿಸಿಯೇ ಬದುಕಿದ ನೆಲ ಇದು.

ಆದರೆ ಹೊರಗೆ ಹೋದ ಆ ಹಿಂದಿನವರು ಇಲ್ಲಿಂದ ಒಂದು ಅರಿವನ್ನು ಒಯ್ದಿದ್ದರು: ಬಡವನ ಎರಡಾಣೆಯೂ ಬಂಡವಾಳ, ಅದನ್ನು ಕಾಯುವವನಿಗೆ ಮಾತ್ರ ದೊಡ್ಡ ಬ್ಯಾಂಕು ಕಟ್ಟುವ ಅರ್ಹತೆ. ಸಿಂಡಿಕೇಟ್ ಬ್ಯಾಂಕು 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ದೇಶದ ಮೊಟ್ಟಮೊದಲ ಗ್ರಾಮೀಣ ಬ್ಯಾಂಕನ್ನು ಪ್ರಾಯೋಜಿಸಿದಾಗ ಅಲ್ಲಿಗೆ ಹೋದದ್ದು ಈ ಅರಿವೇ. ಮಣಿಪಾಲದ ತರಗತಿಯಿಂದ ಹೊರಬರುವ ವಿದ್ಯಾರ್ಥಿ ಹಾರ್ವರ್ಡಿನ ಕೇಸುಗಳ ಜೊತೆಗೆ 38 ರೂಪಾಯಿ 13 ಆಣೆ 2 ಪೈಯ ಕೇಸನ್ನೂ ಓದಿಕೊಂಡು ಹೋದರೆ, ಎಲ್ಲಿ ಕುಳಿತು ಕೆಲಸ ಮಾಡಿದರೂ ಈ ಊರಿನ ಸಾಲ ಬಡ್ಡಿಸಹಿತ ತೀರಿದಂತೆಯೇ.